ನಾಲ್ಕು ಮಾರು ಮಲ್ಲಿಗೆ

ಬೀಗ ಹಾಕಿ ಬಾಗಿಲ ಬಳಿ ನಿಲ್ಲಿಸಿದ್ದ ಸೂಟ್‌ಕೇಸನ್ನು ಗಿರಿಜಾಂಬಾ ಮತ್ತೆ ನಡುಮನೆಗೆ ಎಳೆದು ತಂದು ಬಿಚ್ಚಿದರು. ಹಳೆಯ ಸೀರೆ ಹರಿದು ಹೊಲಿದ ಕುಲಾವಿಗಳು, ಅಂಗೈಯಗಲದ ಸ್ವೆಟರು, ದೃಷ್ಟಿಮಣಿ ಪೋಣಿಸಿದ ಕರಿದಾರ ಹೊರಗೆ ಬಂದವು. ಅವುಗಳ ಹಿಂದೆಯೇ, ಬಾಣಂತಿಗೆ ಹಾಲು ಹೆಚ್ಚಲೆಂದು ಹುರಿದು ಕುಟ್ಟಿದ್ದ ಮೆಂತ್ಯದ ಹಿಟ್ಟು, ಬೆಳ್ಳುಳ್ಳಿಯ ಲೇಹ್ಯ. ಮೊಮ್ಮಗುವಿನ ಕೊರಳಿಗೆ ಲಿಂಗ ಕಟ್ಟಲು ಮಠದಿಂದ ತಂದಿದ್ದ ಪುಟ್ಟ ಬೆಳ್ಳಿಯ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ದೇವರ ಮನೆಯಲ್ಲಿಟ್ಟು ಬಂದರು. ಅಳಲಿಲ್ಲ. ಅದೇ ಗಂಡ ಷಡಕ್ಷರಿಯವರಿಗೆ ಭಯ ಹುಟ್ಟಿಸಿದ್ದು.

ದಿನ ತುಂಬುವ ಮೊದಲೇ ಹುಟ್ಟಿ, ಆಸ್ಟ್ರೇಲಿಯಾದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮೂರು ದಿನ ಉಸಿರು ಹಿಡಿದುಕೊಂಡಿದ್ದ ಮಗು ಬೆಳಗಿನ ಜಾವ ಹೊರಟುಹೋಗಿತ್ತು. ಸುದ್ದಿ ತಿಳಿಸಿದ ಅಳಿಯ ಚಂದ್ರಮೌಳಿ, "ಟಿಕೆಟ್ ಇದೆಯಲ್ಲ ಮಾವ, ನೀವು ಬನ್ನಿ," ಎಂದಷ್ಟೇ ಹೇಳಿ ಫೋನನ್ನು ಹೆಂಡತಿಯ ಕೈಗೆ ಕೊಟ್ಟಿದ್ದ. ಮಗಳು ನಿಶ್ಚಿತಾ ತಾಯಿಯ ಕಿವಿಯಲ್ಲಿ ಅದೇನೋ ಪಿಸುಗುಟ್ಟಿದಳು. "ಹೂಂ ಕಂದ, ಬರ್ತಾ ಇದೀನಿ," ಎಂದು ಫೋನಿಟ್ಟ ಗಿರಿಜಾಂಬಾ ನೇರವಾಗಿ ಸೂಟ್‌ಕೇಸಿಗೆ ಕೈ ಹಾಕಿದ್ದರು. ವಿಮಾನ ಅದೇ ರಾತ್ರಿಗೆ.

ಬೆಂಗಳೂರಿನಿಂದಾಚೆ ಕಾಲಿಡದ ದಂಪತಿಗಳು ಅವರು. ಪರದೇಶದ ಮೊದಲ ಯಾತ್ರೆಗೆಂದು ಷಡಕ್ಷರಿಯವರು ತಿಂಗಳಿಂದ ಕನ್ನಡಿಯ ಮುಂದೆ ನಿಂತು ಒಂದೇ ವಾಕ್ಯವನ್ನು ಮಂತ್ರದಂತೆ ಜಪಿಸಿದ್ದರು: 'ಫಾರ್ ಮೈ ಡಾಟರ್ಸ್ ಡೆಲಿವರಿ, ಸರ್.' ಆ 'ಸರ್' ಎಲ್ಲಿ ಬರಬೇಕೆಂಬುದನ್ನು ಮಗಳೇ ಫೋನಿನಲ್ಲಿ ನಗುತ್ತ ತಿದ್ದಿದ್ದಳು.

"ಗಿರಿಜಾ, ಅಲ್ಲಿ ಆಫೀಸರು ಯಾಕೆ ಬಂದ್ರಿ ಅಂತ ಕೇಳಿದ್ರೆ ಈಗ ಏನು ಹೇಳ್ಲಿ?"

"ಏನಾದ್ರೂ ಹೇಳಿ. ಊರು ನೋಡೋಕೆ ಬಂದ್ವಿ ಅನ್ನಿ." ಬರಿದಾದ ಸೂಟ್‌ಕೇಸಿನ ತಳವನ್ನು ಸೆರಗಿನಿಂದ ಒರೆಸುತ್ತಿದ್ದ ಆಕೆ ತಲೆ ಎತ್ತಿದರು. "ರೀ, ಸರ್ಕಲ್ಲಿನ ದೇವಿರಮ್ಮನ ಹತ್ರ ಹೋಗಿ ನಾಲ್ಕು ಮಾರು ಮಲ್ಲಿಗೆ ತಗೊಂಡು ಬನ್ನಿ. ಒತ್ತಾಗಿ ಕಟ್ಟಿರೋದು. ಮೊಗ್ಗೇ ಇರ್ಲಿ."

"ಹೂವಾ? ಇವತ್ತು? ಮಗು ಹೋಗಿದೆ ಕಣೇ! ಯಾರ ಮುಡಿಗೆ?"

"ಮುಡಿಯೋಕಲ್ಲ."

"ಹೂವು, ಎಲೆ, ಬೀಜ ಏನೂ ತರಬೇಡಿ, ಇಳಿದ ಕೂಡ್ಲೇ ಕಿತ್ತು ಕಸಕ್ಕೆ ಹಾಕ್ತಾರೆ ಅಂತ ಮೌಳಿ ನೂರು ಸಲ ಬಡ್ಕೊಂಡಿಲ್ವಾ?"

"ಹಾಕಿದ್ರೆ ಹಾಕ್ಲಿ. ಹೋಗಿ ಬನ್ನಿ ಅಂದ್ನಲ್ಲ."

ದುಃಖ ನೆತ್ತಿಗೇರಿದರೆ ಬುದ್ಧಿ ಹೀಗೆಯೇ ಹಳಿ ತಪ್ಪುವುದೆಂದು ಷಡಕ್ಷರಿಯವರು ಬಗೆದರು. ಮೊಮ್ಮಗುವಂತೂ ಹೋಯಿತು, ಇವಳೂ ಹೀಗಾದರೆ ಪರದೇಶದಲ್ಲಿ ಯಾರನ್ನು ಯಾರು ಸಂತೈಸುವುದು? ಎದುರಾಡದೆ ಹೊರಬಿದ್ದರು. ಒಂದು ಮಾರು ತಂದು ಕೈಗಿಟ್ಟರೆ ಸಮಾಧಾನವಾದೀತು ಎಂದುಕೊಂಡರು. ಮೇಟಗಳ್ಳಿಯ ಊದುಬತ್ತಿ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಮಲ್ಲಿಗೆಯ ಘಮವನ್ನು ಕಡ್ಡಿಗೆ ಹಿಡಿಸಿದ ಮನುಷ್ಯ. ಆದರೆ ಹೂವಿಗಾಗಿ ಹೊರಟ ಕಾಲುಗಳು ಇಷ್ಟು ಭಾರವಾದದ್ದು ಅದೇ ಮೊದಲು.

ರಾಮಕೃಷ್ಣನಗರದ ಸರ್ಕಲ್ಲಿನ ಮೂಲೆಯಲ್ಲಿ ದೇವಿರಮ್ಮ ಒದ್ದೆ ಗೋಣಿಯ ಮೇಲೆ ಹೂವಿನ ಸರಗಳನ್ನು ಸುರುಳಿ ಸುತ್ತಿಟ್ಟುಕೊಂಡು ಕುಳಿತಿದ್ದಳು. ವಾರದ ಹಿಂದೆ ಇದೇ ಜಾಗದಲ್ಲಿ ನಿಂತು ಅವರು ವಿಮಾನಕ್ಕೆಂದು ಕೊಂಡ ಬೂಟುಗಳನ್ನು ಅವಳಿಗೆ ತೋರಿಸಿ ಬೀಗಿದ್ದರು.

"ಬನ್ನಿ ಸಾಮಿ! ಇವತ್ತೇ ಅಲ್ವಾ ಇಮಾನ? ಅದೇನು, ಒಸಾ ಬೂಟು ಮನೇಲಿ ಮಡಗಿ ಬರಿಗಾಲಲ್ಲೇ ಬಂದ್ಬುಟ್ರಿ?"

ಷಡಕ್ಷರಿಯವರು ತಮ್ಮ ಪಾದಗಳನ್ನು ನೋಡಿಕೊಂಡರು. ಅಲ್ಲಿಯವರೆಗೂ ಅವರಿಗೆ ಅದು ತಿಳಿದಿರಲಿಲ್ಲ.

"ಒಂದು ಮಾರು ಮಲ್ಲಿಗೆ ಕೊಡಮ್ಮ."

"ಮಗಳಿಗಾ? ಎರಿಗೆ ಆಯ್ತಾ?"

"ಆಯ್ತು."

"ಏನ್ ಮಗ ಸಾಮಿ?"

"ಗಂಡು," ಎಂದರು. ಅದು ಸುಳ್ಳಲ್ಲ.

ಸರವನ್ನು ಕೈಗೆತ್ತಿಕೊಂಡಿದ್ದ ದೇವಿರಮ್ಮ ಅದನ್ನು ಹಾಗೆಯೇ ಗೋಣಿಯ ಮೇಲಿಟ್ಟಳು. "ಅಯ್ಯೋ, ಅಂಗಾರೆ ಇದು ಬ್ಯಾಡಿ ಸಾಮಿ! ಗಂಡಸ್ರು, ನಿಮಗೆಲ್ಲಿ ಗೊತ್ತಾಯ್ತದೆ. ಮಲ್ಗೆನ ಬಾಣಂತಿ ಪಕ್ಕಕ್ಕೂ ಬುಡಬಾರ್ದು ಕಣ್ರೀ, ಆಲು ಬತ್ತೋಯ್ತದೆ. ಮಗ ಕಳ್ಕಂಡೋಳಿಗೆ ಇದ ಎದೆ ಸುತ್ತ ಕಟ್ತಾರೆ. ಕುಡಿಯೋ ಕೂಸಿಲ್ದೆ ಆಲು ಕಟ್ಕಂಡು ಕಲ್ಲಾಗಿ ಪ್ರಾಣ ಓಯ್ತದಲ್ಲಾ, ಅದು ಇಂಗ್ಲಿ ಅಂತವ. ನಿಮಗ್ಯಾಕೆ ಅದು? ಬಿಡ್ತು ಅನ್ನಿ. ಸೇವಂತಿಗೆ ತಗೊಂಡೋಗಿ, ಚೆಂದಾಗೈತೆ."

ಸಿಟಿ ಬಸ್ಸೊಂದು ಬಂದು, ಜನರನ್ನು ಇಳಿಸಿ, ಹೋಯಿತು. ಮಗಳು ತಾಯಿಯ ಕಿವಿಯಲ್ಲಿ ಹೇಳಿದ್ದೇನೆಂಬುದು ಷಡಕ್ಷರಿಯವರಿಗೆ ನಡುರಸ್ತೆಯಲ್ಲಿ ಕೇಳಿಸಿತು.

"ನಾಲ್ಕು ಮಾರು ಕೊಡಮ್ಮ," ಎಂದರು. "ಮಲ್ಲಿಗೇನೇ. ಅಲ್ಲಿಗೆ ಮುಟ್ಟೋ ತನಕ ಬಾಡದ ಹಾಗೆ ಕಟ್ಟು."

"ಏಳಿದ್ರೆ ಕೇಳದೇ ಇಲ್ವಲ್ಲ ನೀವು," ಎಂದು ನಗುತ್ತಲೇ ದೇವಿರಮ್ಮ ಸರದ ತುದಿ ಹಿಡಿದು, ಅಳೆಯಲೆಂದು ತೋಳುಗಳನ್ನು ಅಗಲಿಸಿದಳು. ಆಗ ಅವರ ಮುಖವನ್ನು ನೋಡಿದಳು. ಅಗಲಿಸಿದ ತೋಳುಗಳು ಮಡಿಯಲಿಲ್ಲ. ಮಲ್ಲಿಗೆಯ ಸರ ಅವಳ ಎದೆಗೆ ಅಡ್ಡಲಾಗಿ ಬಿಗಿದುಕೊಂಡು ನಿಂತಿತು.