ದುಂಡಗೆ ಕೂತ ಶನಿವಾರ

ಹುರಿದ ಶೇಂಗಾದ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಪರಶುರಾಂಪುರದ ಶಾಲೆಯಲ್ಲಿ ಕನ್ನಡ ಮೇಡಂ ಶನಿವಾರ ನಮ್ಮನ್ನು ದುಂಡಗೆ ಕೂರಿಸಿ, ನಡುವೆ ಬಿಸಿ ಶೇಂಗಾ ಸುರಿದು ಕಥೆ ಓದಿಸುತ್ತಿದ್ದರು. ಒಂದು ಶನಿವಾರದ ಕಥೆಯಲ್ಲಿ, ಮುಂದೆಂದೋ ಬರಲಿರುವ ಒಂದು ಕಾಲದ ಊರು; ಅಲ್ಲಿ ಪ್ರಶ್ನೆ ಕೇಳುವುದೇ ಅಪರಾಧ. ಓದಿದ ಮೇಲೆ ಪ್ರಶ್ನೆ ಕೇಳುವ ಸರದಿ ನನ್ನದು. ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಾಸ್ಟರು ಬಂದರು.

“ಇದೇನ್ರಿ ಮೇಡಂ, ಸಂತ್ಯಾಗೆ ಕೂತಂಗೆ ಕೂರ್ಸೀರಿ? ಸಾಲಾಗಿ ಕೂರ್ಸ್ರಿ.”

ಸಿಪ್ಪೆ ತುಳಿಯುತ್ತ ಸಾಲಾದೆವು. ಹೆಡ್‌ಮಾಸ್ಟರು ಪುಸ್ತಕ ಕಸಿದುಕೊಂಡು ಬೋರ್ಡಿನ ತುಂಬ ಸಾರಾಂಶ ಬರೆದರು. ತಡೆಯಲಾಗದೆ ಎದ್ದು ನಿಂತೆ.

“ಸಾ, ಆ ಊರಾಗೆ ಯಾರೂ ಯಾಕೆ ಎದುರು ಮಾತಾಡ್ಲಿಲ್ಲ?”

“ಅದು ಪರೀಕ್ಷೆಗೆ ಬರಲ್ಲ, ಕೂತ್ಕಳಮ್ಮ.” ಆಮೇಲೆ ಎಲ್ಲರತ್ತ ತಿರುಗಿದರು. “ಅರ್ಥ ಆತೇನ್ರೋ?”

“ಆತು ಸಾ!” ಇಡೀ ತರಗತಿ ಕೂಗಿತು.

ಮೂಲೆಯಲ್ಲಿ ನಿಂತಿದ್ದ ಮೇಡಂ ಅವರ ತುಟಿಯೂ ‘ಆತು’ ಎಂದು ಅಲ್ಲಾಡಿತು.