ರಾಗಿ ದಿಂಬು

ಡಾಕ್ಟರ ತಾಯಿಯ ತಲೆ ನಡುಗುತ್ತಲೇ ಇತ್ತು. ಮೂರನೇ ಸಲವೂ ಸ್ಕ್ಯಾನ್ ಮಸುಕಾಗಿ ಬಂತು.

ಡಾಕ್ಟರು ಟೆಕ್ನಿಷಿಯನ್ ಹೆಂಗಸಿನ ಬಳಿ ಹೋಗಿ ಮೆಲ್ಲಗೆ ಕೇಳಿದರು. "ನಾನಿಲ್ಲಿ ಕೆಲಸಕ್ಕಿದ್ದಾಗ ನೀವೊಂದು ರಾಗಿ ದಿಂಬು ಹೊಲಿದಿದ್ರಲ್ಲಮ್ಮಾ, ರೋಗಿಯ ತಲೆ ಅಲುಗದ ಹಾಗೆ ಇಡೋಕೆ?"

"ಈಗ ಅದನ್ನ ಇಡೋ ಹಾಗಿಲ್ಲ ಸಾರ್. ಯಾರೋ ಪೇಟೆಂಟ್ ಮಾಡಿಸಿದ್ದಾರೆ. ಬಳಸಿದ್ರೆ ಕೇಸು ಹಾಕ್ತೀವಿ ಅಂತ ವಕೀಲರ ನೋಟಿಸು ಬಂತು."

"ಬಿಸಾಕಿಬಿಟ್ರಾ?"

"ಇಲ್ಲ, ಬೀರುವಿನಲ್ಲಿದೆ."

ಡಾಕ್ಟರು ನೆಲ ನೋಡುತ್ತ ಹೇಳಿದರು. "ಇವತ್ತೊಂದು ದಿನ ಇಡಿ. ಯಾರಿಗೆ ಗೊತ್ತಾಗತ್ತೆ?"

ಆಕೆ ದಿಂಬಿನ ಜೊತೆ ಆ ನೋಟಿಸನ್ನೂ ತಂದು, ಪೆನ್ನು ಚಾಚಿದರು.

"ಇಡ್ತೀನಿ ಸಾರ್. ಪೇಟೆಂಟ್ ನಿಮ್ಮ ಹೆಸರಲ್ಲೇ ಇದೆ, ಇಲ್ಲೊಂದು ಒಪ್ಪಿಗೆ ಬರೆದುಕೊಡಿ."