ಕಾಡು ಈರುಳ್ಳಿ ಹೂ ಬಿಟ್ಟಾಗ

ಲುವ್ಸನ್ ಬೈಕು ನಿಲ್ಲಿಸಿ, ಬೈಕಿಗೇ ಹೇಳಿದ: “ನೀರು ಕುಡಿಯೋರಿದ್ರೆ ಇಲ್ಲೇ ಕುಡೀಲಿ. ಮುಂದೆ ನೆರಳಿಲ್ಲ.”

ಹಿಂದೆ ಕೂತಿದ್ದ ಸೊಸೆ ಸೊಲೊಂಗೊ ಇಳಿದು ಎರಡು ಗುಟುಕು ಕುಡಿದಳು. ಮೂರು ದಿನದಿಂದ ಮಾವ ಅವಳ ಜೊತೆ ನೇರವಾಗಿ ಮಾತಾಡಿರಲಿಲ್ಲ. ಏನಿದ್ದರೂ ಮನೆಯಲ್ಲಿ ನಾಯಿಗೆ ಹೇಳುತ್ತಿದ್ದ, ದಾರಿಯಲ್ಲಿ ಬೈಕಿಗೆ. ಕೋಪಕ್ಕೆ ಕಾರಣವೂ ಇತ್ತು. ಹಿಂಡಿನ ಮುದಿ ಹೆಣ್ಣೊಂಟೆಯ ಕಾಲಿಗೆ ಸಂಜೆ ಹಗ್ಗ ಕಟ್ಟಿಬಿಟ್ಟರೆ ಉಳಿದ ಹದಿನೇಳೂ ಅದರ ಸುತ್ತಲೇ ಇರುತ್ತವೆ. ಹಗ್ಗ ಉಜ್ಜಿ ಗಾಯವಾಗಿದ್ದ ಕಾಲನ್ನು ನೋಡಲಾರದೆ ಸೊಲೊಂಗೊ ಆವತ್ತು ಕಟ್ಟಲಿಲ್ಲ. ಬೆಳಗಾಗುವಷ್ಟರಲ್ಲಿ ಹದಿನೆಂಟೂ ಇರಲಿಲ್ಲ. ಒಂಟೆ ಹೋದರೆ ಆ ಮನೆಗೆ ಹಾಲಿಲ್ಲ, ಉಣ್ಣೆಯಿಲ್ಲ, ಗುಡಾರ ಹೊರಲು ಬೆನ್ನೂ ಇಲ್ಲ.

ಎರಡು ವರ್ಷದ ಹಿಂದೆ ಪಟ್ಟಣದಿಂದ ಗೋಬಿ ಮರುಭೂಮಿಗೆ ಸೊಸೆಯಾಗಿ ಬಂದವಳು ಅವಳು; ಗಂಡ ದೂರದ ಗಣಿಯಲ್ಲಿ ಕೆಲಸಕ್ಕಿದ್ದ. ಬಂದಾಗಿನಿಂದ ಸರಿಯಾಗಿ ಒಂದು ಮಳೆ ಕಂಡಿಲ್ಲ. ಕಲ್ಲು, ದೂಳು, ಮತ್ತೆ ಕಲ್ಲು. ಒಂಟೆ ಸಿಗದಿದ್ದರೆ ಯಾವ ಮುಖ ಇಟ್ಟುಕೊಂಡು ಆ ಗುಡಾರಕ್ಕೆ ಹಿಂದಿರುಗುವುದು? ಹಾಗೇ ತವರಿನ ದಾರಿ ಹಿಡಿಯುವುದೆಂದು, ಯಾರಿಗೂ ಹೇಳದೆ ಬಟ್ಟೆಗಂಟು ಕಟ್ಟಿಕೊಂಡೇ ಬೈಕು ಹತ್ತಿದ್ದಳು. ಮಾವ ಅದನ್ನು ಬುತ್ತಿ ಅಂದುಕೊಂಡಿದ್ದ.

ಒಂಟೆಗಳ ಹೆಜ್ಜೆ ನೇರವಾಗಿ ಕರಿಬೆಟ್ಟದ ಕಡೆ ಹೋಗಿತ್ತು. “ಕಳ್ಳರದ್ದೇ ಕೆಲಸ,” ಎಂದ ಲುವ್ಸನ್ ಬೈಕಿಗೆ. “ಒಂಟೆ ತಾನಾಗಿ ಹೀಗೆ ಗೆರೆ ಎಳೆದ ಹಾಗೆ ಹೋಗಲ್ಲ.”

ಬೆಟ್ಟದ ನೆತ್ತಿ ಮುಟ್ಟುವ ಮೊದಲೇ ವಾಸನೆ ಬಂತು.

“ಮಾವ, ಯಾರೋ ಈರುಳ್ಳಿ ಹೆಚ್ತಿರೋ ಹಾಗಿದೆ.”

ಮಾವ ಬೈಕಿನ ವೇಗ ಹೆಚ್ಚಿಸಿದ.

ಬೆಟ್ಟದಾಚೆಯ ಕಣಿವೆಗೆ ಕಣಿವೆಯೇ ನೇರಳೆಯಾಗಿತ್ತು. ಹದಿನೈದು ದಿನದ ಹಿಂದೆ ದೂರದಲ್ಲಿ ಮಿಂಚಿದ್ದನ್ನು ಇವರು ತಮ್ಮ ಒಣ ಬಾವಿಯ ಹತ್ತಿರ ನಿಂತು ನೋಡಿದ್ದರು. ಆ ಮಳೆ ಬಿದ್ದದ್ದು ಇಲ್ಲಿ. ಕಣ್ಣು ಹಾಯುವಷ್ಟು ದೂರ ಕಾಡು ಈರುಳ್ಳಿ ಹೂ ಬಿಟ್ಟಿತ್ತು. ತಗ್ಗಿನಲ್ಲಿ ಇನ್ನೂ ನೀರಿತ್ತು, ನೀರಿನಲ್ಲಿ ಒಂದು ತುಂಡು ಮೋಡವಿತ್ತು. ಹೂವಿನ ನಡುವೆ ಒಂಟೆಗಳು ಹಾಯಾಗಿ ಮೇಯುತ್ತಿದ್ದವು. ಹದಿನೆಂಟೂ ಇದ್ದವು. ಸೊಲೊಂಗೊಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

“ವಾಸನೆ ಹಿಡ್ಕೊಂಡು ಬಂದಿದಾವೆ, ಕಳ್ಳ ಮುಂಡೇವು,” ಎಂದ ಲುವ್ಸನ್. ಬೆಳಗಿನಿಂದ ಎದ್ದೂ ಬಿದ್ದೂ ಓಡಿಸಿದ ಬೈಕನ್ನು ಈಗ ಬಂದ್ ಮಾಡಿ, ಒಂದು ಹೂವಿನ ಮೇಲೂ ಚಕ್ರ ಹರಿಯದಂತೆ ಸುತ್ತು ಹಾಕಿ ತಳ್ಳಿಕೊಂಡು ಹೋದ. ಮುದಿ ಒಂಟೆ ಕೂತು ಮೆಲುಕು ಹಾಕುತ್ತಿತ್ತು. ಅದರ ಕಾಲಿನ ಗಾಯ ಒಣಗಿತ್ತು. ಲುವ್ಸನ್ ಜೇಬಿನಿಂದ ಹಗ್ಗ ತೆಗೆದ, ಗಾಯ ನೋಡಿದ, ಹಗ್ಗವನ್ನು ಮತ್ತೆ ಜೇಬಿಗೆ ಹಾಕಿಕೊಂಡ.

“ಮದುವೆಗೆ ಮುಂಚೆ ನಿನ್ನ ಗಂಡ ನಿಂಗೆ ಏನಂತ ಹೇಳಿದ್ದ?” ಎಂದು ಕೇಳಿದ. ಈ ಸಲ ಬೈಕಿಗಲ್ಲ, ಅವಳಿಗೆ.

“ನಮ್ಮ ಗೋಬಿ ನೋಡೋಕೆ ಚೆಂದ ಅಂತ.”

“ನಂಬಿದ್ಯಾ?”

“ಆಗ ನಂಬಿದ್ದೆ. ಬಂದ್ಮೇಲೆ ಇಲ್ಲ.”

“ನನ್ನ ಮಗ ಸುಳ್ಳು ಹೇಳೋನಲ್ಲ. ‘ಮಳೆ ಬಂದ್ರೆ’ ಅನ್ನೋ ಮಾತು ಬಿಟ್ಟಿರ್ತಾನೆ ಅಷ್ಟೆ.”

ಮಂಡಿಯೂರಿ ಒಂದು ಹಿಡಿ ಈರುಳ್ಳಿ ಎಲೆ ಕೊಯ್ದು, ಅರ್ಧ ತಾನು ಬಾಯಿಗೆ ಹಾಕಿಕೊಂಡು, ಅರ್ಧ ಅವಳಿಗೆ ಕೊಟ್ಟ. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು ಬಂತು.

“ಉಪ್ಪು ಹಾಕಿಟ್ರೆ ಚಳಿಗಾಲದ ಮಾಂಸದ ಕಡುಬಿಗೆಲ್ಲ ಆಗತ್ತೆ. ತುಂಬ್ಕೊಳ್ಳೋಕೆ ಬಟ್ಟೆ ಬೇಕಲ್ಲ. ಆ ಬುತ್ತಿ ಗಂಟು ಬಿಚ್ಚು.”

ಸೊಲೊಂಗೊ ಕದಲಲಿಲ್ಲ. ಅವನೇ ಹೋಗಿ ಬಿಚ್ಚಿದ. ಮೂರು ಜೊತೆ ಬಟ್ಟೆ, ಒಂದು ಬಾಚಣಿಗೆ, ಅವಳ ತಾಯಿಯ ಫೋಟೊ. ಮುದುಕನ ಕೈ ಅಲ್ಲೇ ನಿಂತಿತು. ಆಮೇಲೆ ಅವನು ಮತ್ತೆ ಬೈಕಿನ ಕಡೆ ತಿರುಗಿದ.

“ಒಂಟೆ ಹುಡುಕೋಕೆ ಮೂರು ಜೊತೆ ಬಟ್ಟೆ ಬೇಕಿತ್ತಾ ಅಂತ ಕೇಳು ಅವಳನ್ನ.”

ಸೊಲೊಂಗೊ ತನ್ನ ಸಾಮಾನನ್ನೆಲ್ಲ ಎತ್ತಿ ಮುದಿ ಒಂಟೆಯ ಎರಡು ಡುಬ್ಬಗಳ ನಡುವೆ ಇಟ್ಟಳು. ಖಾಲಿ ಬಟ್ಟೆಯನ್ನು ಕೊಡವಿ ಈರುಳ್ಳಿಯ ಪಕ್ಕ ಹಾಸಿದಳು. ಆಮೇಲೆ ಮೊದಲ ಸಲ ತಾನೂ ಬೈಕಿಗೇ ಹೇಳಿದಳು:

“ಬೆಳಿಗ್ಗೆ ಬೇಕಿತ್ತು, ಈಗ ಬೇಡವಂತೆ ಅಂತ ಹೇಳು ಅವರಿಗೆ.”